ಆ್ಯಮ್‌ಸ್ಟರ್‌ಡ್ಯಾಮ್‌ನಲ್ಲಿ ಮಕ್ಕಳ ಶಾಲೆ: ಮೊದಲು ಎಣಿಸಬೇಕಾದದ್ದು ವರ್ಷಗಳನ್ನು

ಬೆಂಗಳೂರಿನಿಂದ ಆ್ಯಮ್‌ಸ್ಟರ್‌ಡ್ಯಾಮ್‌ಗೆ ಕೆಲಸದ ಮೇಲೆ ಬರುವ ಕುಟುಂಬಗಳು ಮನೆ ಹುಡುಕುವ ಮೊದಲೇ ಕೇಳುವ ಪ್ರಶ್ನೆ, ‘ಅಲ್ಲಿ ಒಳ್ಳೆಯ ಇಂಟರ್‌ನ್ಯಾಷನಲ್ ಸ್ಕೂಲ್ ಯಾವುದು?’ ಎಂಬುದು. ನಗರಕ್ಕೆ ಅಂಟಿಕೊಂಡಿರುವ ಆಮ್‌ಸ್ಟಲ್‌ವೇನ್‌ನಲ್ಲಿ ಭಾರತೀಯರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಇಲ್ಲಿ ಹಲವು ವರ್ಷಗಳಿಂದ ನೆಲೆಸಿರುವ ನನಗೆ ಈ ಪ್ರಶ್ನೆ ಬಂದಾಗಲೆಲ್ಲ ನಾನು ಕೇಳುವುದು ಎರಡೇ ಮಾತು: ಎಷ್ಟು ವರ್ಷ ಇರುತ್ತೀರಿ, ಮಗುವಿಗೆ ಈಗ ಎಷ್ಟು ವಯಸ್ಸು? ಶಾಲೆಯ ಹೆಸರು, ಕಟ್ಟಡ, ಶುಲ್ಕ ಎಲ್ಲವೂ ಈ ಎರಡು ಉತ್ತರಗಳ ನಂತರದ ವಿಷಯ.

ಮೊದಲು ಕಾನೂನು. ನೆದರ್‌ಲ್ಯಾಂಡ್ಸ್‌ನಲ್ಲಿ ಮಕ್ಕಳು ಸಾಮಾನ್ಯವಾಗಿ ನಾಲ್ಕು ವರ್ಷ ತುಂಬಿದ ಕೂಡಲೇ, ವರ್ಷದ ಯಾವ ತಿಂಗಳಾದರೂ ಸರಿ, ಶಾಲೆ ಸೇರುತ್ತಾರೆ. ಐದು ತುಂಬಿದ ಮುಂದಿನ ತಿಂಗಳಿಂದ ಶಾಲೆಗೆ ಹೋಗುವುದು ಕಡ್ಡಾಯ. ಇಂಟರ್‌ನ್ಯಾಷನಲ್ ಶಾಲೆಯ ಮಕ್ಕಳಿಗೂ ಈ ನಿಯಮದಿಂದ ವಿನಾಯಿತಿಯಿಲ್ಲ. ಹಾಜರಾತಿಯನ್ನು ನೋಡಿಕೊಳ್ಳಲೆಂದೇ ನಗರಸಭೆಯಲ್ಲಿ ಒಬ್ಬ ಅಧಿಕಾರಿ ಇರುತ್ತಾರೆ. ತಂಗಿಯ ಮದುವೆಗೆಂದು ಒಂದೆರಡು ದಿನ ರಜೆ ಕೇಳಿದರೆ ಸಿಗಬಹುದು, ಹಬ್ಬಕ್ಕೆ ಮುಂಚಿತವಾಗಿ ತಿಳಿಸಿದರೆ ಆ ದಿನದ ರಜೆಯೂ ಉಂಟು. ಆದರೆ ವಿಮಾನದ ಟಿಕೆಟ್ ಅಗ್ಗವಾಗಿದೆಯೆಂದು ಶಾಲೆ ನಡೆಯುತ್ತಿರುವಾಗ ಮಗುವನ್ನು ಮೂರು ವಾರ ಊರಿಗೆ ಕರೆದೊಯ್ದರೆ ದಂಡ ಬೀಳುತ್ತದೆ. ಬೇಸಿಗೆ ರಜೆ ಇಲ್ಲಿ ಆರೇ ವಾರ. ಅದೂ ನಮ್ಮೂರಿನ ಮಳೆಗಾಲದಲ್ಲಿ.

ಇನ್ನು ಶಾಲೆಗಳಲ್ಲಿ ಮೂರು ಬಗೆ. ಮೊದಲನೆಯದು ಸರ್ಕಾರದ ಹಣದಲ್ಲಿ ನಡೆಯುವ ಸಾಮಾನ್ಯ ಡಚ್ ಶಾಲೆ. ನಮ್ಮವರಲ್ಲಿ ಬಹಳ ಮಂದಿ ಇದನ್ನು ಪರಿಗಣಿಸದೆಯೇ ಪಕ್ಕಕ್ಕಿಡುತ್ತಾರೆ. ನನ್ನ ಪ್ರಕಾರ ಅದು ದೊಡ್ಡ ತಪ್ಪು. ‘ಸರ್ಕಾರಿ ಶಾಲೆ’ ಎಂದೊಡನೆ ನಮ್ಮ ಮನಸ್ಸಿಗೆ ಬರುವ ಚಿತ್ರಕ್ಕೂ ಇಲ್ಲಿನ ಶಾಲೆಗೂ ಸಂಬಂಧವಿಲ್ಲ. ಡಾಕ್ಟರ ಮಗುವೂ ಬಸ್ ಚಾಲಕನ ಮಗುವೂ ಹೋಗುವುದು ಅಲ್ಲಿಗೇ. ಬೋಧನಾ ಶುಲ್ಕವಿಲ್ಲ, ಪ್ರವಾಸ, ಹಬ್ಬಗಳ ಖರ್ಚಿಗೆ ಪೋಷಕರಿಂದ ಸ್ವಇಚ್ಛೆಯ ಸಣ್ಣ ವಂತಿಗೆ ಕೇಳುತ್ತಾರೆ. ತರಗತಿಗಳಿಗೆ ಗ್ರೂಪ್ 1ರಿಂದ ಗ್ರೂಪ್ 8ರವರೆಗೆ ಹೆಸರು. ಮೊದಲ ಎರಡು ವರ್ಷ ಹೆಚ್ಚುಕಡಿಮೆ ಆಟವೇ, ಓದು ಬರಹ ಶುರುವಾಗುವುದು ಗ್ರೂಪ್ 3ರಲ್ಲಿ. ಅದು ನಮ್ಮ ಒಂದನೇ ತರಗತಿಗೆ ಸರಿಸಮ. ಎಲ್‌ಕೆಜಿಯಲ್ಲೇ ಕಾಪಿ ಬರೆಯುತ್ತಿದ್ದ ಮಗು ಇಲ್ಲಿ ಐದನೇ ವಯಸ್ಸಿನಲ್ಲಿ ಮರಳಾಟ ಆಡುವುದನ್ನು ನೋಡಿ ಅಜ್ಜಿ ತಾತ ಕಳವಳಪಡುವುದು ಸಹಜ.

ನನ್ನ ಮಗಳನ್ನು ಆರನೇ ವಯಸ್ಸಿನಲ್ಲಿ ಇಂಥ ಶಾಲೆಗೇ ಸೇರಿಸಿದೆವು. ಮಧ್ಯಾಹ್ನದ ಊಟ ಕ್ಲಾಸಿನಲ್ಲೇ, ತಮ್ಮ ಮೇಜಿನ ಬಳಿಯೇ, ಕಾಲು ಗಂಟೆಯಲ್ಲಿ ಮುಗಿಯಬೇಕು. ಬಿಸಿ ಮಾಡುವ ವ್ಯವಸ್ಥೆಯಿಲ್ಲ. ಮೊದಲ ದಿನ ಡಬ್ಬಿಗೆ ಚಿತ್ರಾನ್ನ ಹಾಕಿ ಕಳುಹಿಸಿದ್ದೆ. ಸಂಜೆ ಅದು ಮುಕ್ಕಾಲು ಪಾಲು ಹಾಗೆಯೇ ವಾಪಸ್ ಬಂತು, ಕಡಲೆಬೇಳೆ ಮಾತ್ರ ಆರಿಸಿ ತಿಂದಿದ್ದಳು. ಎರಡನೇ ವಾರಕ್ಕೆ ಅವಳೇ ಬೆಣ್ಣೆ ಸವರಿದ ಬ್ರೆಡ್ಡಿನ ಮೇಲೆ ಚಾಕೊಲೇಟ್ ಚೂರು ಉದುರಿಸಿ ಕೊಡಲು ಹೇಳಿದಳು, ಇಲ್ಲಿನ ಮಕ್ಕಳು ತಿನ್ನುವುದು ಅದನ್ನೇ. ಭಾಷೆಯೂ ಸರಿಸುಮಾರು ಹಾಗೆಯೇ ಬಂತು: ನಾಲ್ಕು ತಿಂಗಳು ಬಾಯಿಯೇ ಬಿಡದಿದ್ದವಳು ಆಮೇಲೆ ನಮ್ಮ ಡಚ್ ಉಚ್ಚಾರಣೆಯನ್ನು ತಿದ್ದತೊಡಗಿದಳು. ಸ್ವಲ್ಪ ದೊಡ್ಡ ಮಕ್ಕಳಿಗೆ ನಗರದ ಕೆಲವು ಶಾಲೆಗಳಲ್ಲಿ ಹೊಸಬರ ತರಗತಿಗಳಿವೆ. ಅಲ್ಲಿ ಸಾಮಾನ್ಯವಾಗಿ ಒಂದು ವರ್ಷ ಮುಖ್ಯವಾಗಿ ಡಚ್ ಕಲಿಸಿ ನಂತರ ಮಾಮೂಲಿ ತರಗತಿಗೆ ಸೇರಿಸುತ್ತಾರೆ.

ಆದರೆ ಇದೇ ದಾರಿ ಹತ್ತು ಹನ್ನೊಂದರ ಮಗುವಿಗೆ ಕಷ್ಟದ್ದು, ಕಾರಣವನ್ನು ತುಸು ಬಿಡಿಸಿ ಹೇಳಬೇಕು. ಗ್ರೂಪ್ 8ರಲ್ಲಿ, ಅಂದರೆ ಹನ್ನೆರಡನೇ ವಯಸ್ಸಿನ ಹೊತ್ತಿಗೆ, ಮಗು ಮುಂದೆ ಯಾವ ಬಗೆಯ ಪ್ರೌಢಶಾಲೆಗೆ ಹೋಗಬೇಕೆಂದು ಶಾಲೆಯೇ ಸಲಹೆ ಕೊಡುತ್ತದೆ. ನಾಲ್ಕು ವರ್ಷದ ‘ವಿಎಂಬಿಒ’ ವೃತ್ತಿಶಿಕ್ಷಣದ ಕಡೆಗೆ, ಐದು ವರ್ಷದ ‘ಹಾವೊ’ ಅನ್ವಯಿಕ ಉನ್ನತ ಶಿಕ್ಷಣದ ಕಡೆಗೆ, ಆರು ವರ್ಷದ ‘ವಿಡಬ್ಲ್ಯೂಒ’ ನೇರವಾಗಿ ವಿಶ್ವವಿದ್ಯಾಲಯದ ಕಡೆಗೆ ಹೋಗುವ ದಾರಿಗಳು. ಫೆಬ್ರವರಿಯಲ್ಲಿ ಒಂದು ಪರೀಕ್ಷೆಯೂ ಇದೆ. ಅದರಲ್ಲಿ ಸಲಹೆಗಿಂತ ಮೇಲಿನ ಮಟ್ಟ ಬಂದರೆ ಶಾಲೆ ಸಾಮಾನ್ಯವಾಗಿ ಸಲಹೆಯನ್ನು ಏರಿಸಬೇಕು. ಆದರೂ ಡಚ್ ಕಲಿತು ಒಂದೇ ವರ್ಷವಾದ ಮಗುವಿನ ಗಣಿತ ಎಷ್ಟೇ ಚೆನ್ನಾಗಿದ್ದರೂ ಭಾಷೆ ಅದನ್ನು ಕೆಳಕ್ಕೆ ಎಳೆಯುತ್ತದೆ. ಒಂದು ದಾರಿಯಿಂದ ಮೇಲಿನ ದಾರಿಗೆ ಹತ್ತಲು ಅವಕಾಶವಿದೆ, ಆದರೆ ಅದಕ್ಕೆ ವರ್ಷಗಳು ಹಿಡಿಯುತ್ತವೆ. ಆದ್ದರಿಂದ ಎಂಟರೊಳಗಿನ ಮಗುವಿನೊಂದಿಗೆ ಐದಾರು ವರ್ಷಕ್ಕೂ ಹೆಚ್ಚು ಇರಲು ಬರುವವರಿಗೆ ಡಚ್ ಶಾಲೆಯನ್ನೇ ಹೇಳುತ್ತೇನೆ. ಹತ್ತು ದಾಟಿದ ಮಗುವಿದ್ದರೆ, ಇಲ್ಲವೇ ಎರಡು ಮೂರು ವರ್ಷದಲ್ಲಿ ಹಿಂದಿರುಗುವವರಿದ್ದರೆ, ಇಂಟರ್‌ನ್ಯಾಷನಲ್ ಶಾಲೆ.

ಅದರಲ್ಲೂ ಎರಡು ಬಗೆ ಎಂಬುದು ಬಹಳ ಮಂದಿಗೆ ಇಲ್ಲಿ ಬಂದ ಮೇಲೆಯೇ ತಿಳಿಯುತ್ತದೆ. ಡಚ್ ಸರ್ಕಾರವೇ ಭಾಗಶಃ ಹಣ ಕೊಟ್ಟು ನಡೆಸುವ ಇಂಗ್ಲಿಷ್ ಮಾಧ್ಯಮದ ಶಾಲೆಗಳು ಒಂದು ಬಗೆ. 2003ರಲ್ಲಿ ಶುರುವಾದ ಆ್ಯಮ್‌ಸ್ಟರ್‌ಡ್ಯಾಮ್ ಇಂಟರ್‌ನ್ಯಾಷನಲ್ ಕಮ್ಯುನಿಟಿ ಸ್ಕೂಲ್ ಇಂಥದ್ದು. ಇಲ್ಲಿ ವರ್ಷಕ್ಕೆ ಸುಮಾರು 5,000ದಿಂದ 8,000 ಯೂರೊ ಶುಲ್ಕ. ಆದರೆ ಇವು ಎಲ್ಲರಿಗೂ ತೆರೆದಿಲ್ಲ. ಮಗು ಡಚ್ ಪ್ರಜೆಯಾಗಿರಬಾರದು ಮತ್ತು ತಂದೆ ತಾಯಿಯಲ್ಲಿ ಒಬ್ಬರಾದರೂ ನಿಗದಿತ ಅವಧಿಗೆ ಮಾತ್ರ ಇಲ್ಲಿ ಕೆಲಸಕ್ಕೆ ಬಂದವರಾಗಿರಬೇಕು ಎಂಬುದು ನಮ್ಮಂಥವರಿಗೆ ಅನ್ವಯಿಸುವ ಮುಖ್ಯ ಷರತ್ತು. ಅದಕ್ಕೆ ಕಂಪನಿಯ ಪತ್ರ ಬೇಕು. ಕೆಲಸದ ಒಪ್ಪಂದಕ್ಕೆ ಸಹಿ ಹಾಕುವ ಹಂತದಲ್ಲೇ ಆ ಪತ್ರದ ಬಗ್ಗೆ ಎಚ್‌ಆರ್ ವಿಭಾಗದವರೊಂದಿಗೆ ಮಾತಾಡಿಕೊಳ್ಳಿ, ಏಕೆಂದರೆ ‘ಖಾಯಂ ನೌಕರಿ’ ಎಂದು ಸಂಭ್ರಮಿಸಿದ ಒಪ್ಪಂದವೇ ಶಾಲೆಯ ಬಾಗಿಲಲ್ಲಿ ತೊಡಕಾಗಬಹುದು. ಈ ಶಾಲೆಗಳಲ್ಲಿ ಕಾಯುವ ಪಟ್ಟಿಯೂ ಉದ್ದ. ನನ್ನ ಪರಿಚಯದ ಒಂದು ಕುಟುಂಬ ಸೀಟು ಸಿಕ್ಕೇ ಸಿಗುತ್ತದೆಂದು ನಂಬಿ ಶಾಲೆಯ ಹತ್ತಿರವೇ ದುಬಾರಿ ಬಾಡಿಗೆಯ ಮನೆ ಹಿಡಿದು, ಕೊನೆಗೆ ಒಂದು ವರ್ಷ ಮಗುವನ್ನು ರೈಲಿನಲ್ಲಿ ಬೇರೆ ಊರಿಗೆ ಕಳುಹಿಸಿತು.

ಇನ್ನೊಂದು ಬಗೆ ಪೂರ್ತಿ ಖಾಸಗಿ. ಆಮ್‌ಸ್ಟಲ್‌ವೇನ್‌ನಲ್ಲಿ 1964ರಿಂದ ಇರುವ ಇಂಟರ್‌ನ್ಯಾಷನಲ್ ಸ್ಕೂಲ್ ಆಫ್ ಆ್ಯಮ್‌ಸ್ಟರ್‌ಡ್ಯಾಮ್, ಹಳೆಯ ಜೈಲಿನ ಕಟ್ಟಡವನ್ನು ಶಾಲೆಯಾಗಿಸಿಕೊಂಡಿರುವ ಬ್ರಿಟಿಷ್ ಸ್ಕೂಲ್, ನಮ್ಮ ದೇಶದ ಸಂಸ್ಥೆಯೇ 2018ರಲ್ಲಿ ತೆರೆದ ಅಮಿಟಿ ಇವೆಲ್ಲ ಈ ಸಾಲಿನವು. ಶುಲ್ಕ ಶಾಲೆಯನ್ನೂ ತರಗತಿಯನ್ನೂ ಅವಲಂಬಿಸಿ ಸರ್ಕಾರದ ನೆರವಿನ ಶಾಲೆಯ ಮೂರು ನಾಲ್ಕು ಪಟ್ಟು ಆಗಬಹುದು. ಕಂಪನಿ ಕೊಡದಿದ್ದರೆ ಇಬ್ಬರು ಮಕ್ಕಳಿಗೆ ಒಬ್ಬರ ಸಂಬಳ ಇದಕ್ಕೇ ಹೋಗುತ್ತದೆ. ಇಲ್ಲಿ ಒಂದು ತೆರಿಗೆಯ ಅನುಕೂಲವನ್ನು ನೆನಪಿಡಬೇಕು: ವಿದೇಶದಿಂದ ಬಂದ ಪರಿಣತ ನೌಕರರಿಗೆ ಸಿಗುವ, ‘30% ರೂಲಿಂಗ್’ ಎಂದು ಎಲ್ಲರ ಬಾಯಲ್ಲೂ ಇರುವ, ಸಂಬಳದ ಒಂದು ಪಾಲಿಗೆ ತೆರಿಗೆ ಬೀಳದ ರಿಯಾಯಿತಿಯ ಜೊತೆಗೆ, ಇಂಟರ್‌ನ್ಯಾಷನಲ್ ಶಾಲೆಯ ಶುಲ್ಕವನ್ನು ಷರತ್ತುಗಳಿಗೆ ಒಳಪಟ್ಟು ಕಂಪನಿ ತೆರಿಗೆಯಿಲ್ಲದೆ ಮರುಪಾವತಿಸಬಹುದು. ಸಂಬಳ ಹೆಚ್ಚಿಸಲು ಒಪ್ಪದ ಕಂಪನಿ ಇದಕ್ಕೆ ಒಪ್ಪುವ ಸಾಧ್ಯತೆ ಇದ್ದೇ ಇದೆ, ಕೇಳಿ ನೋಡಿ.

ಪಠ್ಯಕ್ರಮ ಆರಿಸುವಾಗ ಹಿಂದಿರುಗುವ ದಾರಿಯನ್ನು ಮರೆಯಬಾರದು. ಕಮ್ಯುನಿಟಿ ಸ್ಕೂಲ್, ಅಮಿಟಿ ಮುಂತಾದವು ಹಿರಿಯ ತರಗತಿಗಳಲ್ಲಿ ಹಲವು ದೇಶಗಳಲ್ಲಿ ನಡೆಯುವ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್) ಡಿಪ್ಲೊಮಾ ಕಲಿಸುತ್ತವೆ, ಬ್ರಿಟಿಷ್ ಶಾಲೆಯಲ್ಲಿ ಬ್ರಿಟನ್ನಿನ ಎ ಲೆವೆಲ್. ಐಬಿ ಡಿಪ್ಲೊಮಾಕ್ಕೆ ಭಾರತದಲ್ಲಿ ಮಾನ್ಯತೆ ಇದೆ. ಆದರೆ ಅದರ ಆರು ವಿಷಯಗಳ ಚೌಕಟ್ಟಿನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರನ್ನೂ ಸಾಮಾನ್ಯವಾಗಿ ಒಟ್ಟಿಗೆ ತೆಗೆದುಕೊಳ್ಳಲು ಬರುವುದಿಲ್ಲ. ಮಗು ಊರಲ್ಲಿ ವೈದ್ಯಕೀಯ ಓದಬೇಕೆಂದಿದ್ದರೆ ಹದಿನಾರನೇ ವಯಸ್ಸಿಗೆ ಮುಂಚೆಯೇ ಶಾಲೆಯೊಂದಿಗೆ ವಿಶೇಷ ಅನುಮತಿಯ ಮಾತು ತೆಗೆಯಬೇಕು. ಕರ್ನಾಟಕದ ಸಿಇಟಿ ಸೀಟಿಗೆ ಸಾಮಾನ್ಯವಾಗಿ ಒಂದರಿಂದ ಹನ್ನೆರಡನೇ ತರಗತಿಯೊಳಗೆ ಕನಿಷ್ಠ 7 ವರ್ಷ ರಾಜ್ಯದಲ್ಲಿ ಓದಿರಬೇಕು ಎಂಬ ನಿಯಮವೂ ಇದೆ. ಇಲ್ಲಿ ಕಳೆಯುವ ಒಂದೊಂದು ವರ್ಷವನ್ನೂ ಆ ಲೆಕ್ಕದಿಂದ ಕಳೆಯುತ್ತ ಹೋಗಬೇಕು.

ಶಾಲೆಯನ್ನು ಜಾಲತಾಣದ ಚಿತ್ರಗಳಿಂದ ಅಳೆಯಬೇಡಿ. ಸರ್ಕಾರದ ನೆರವಿನ ಶಾಲೆಗಳ ಬಗ್ಗೆ ಶಿಕ್ಷಣ ಇಲಾಖೆಯ ತಪಾಸಣಾ ವರದಿಗಳು ಸಾರ್ವಜನಿಕವಾಗಿ ಸಿಗುತ್ತವೆ. ಪೋಷಕರು ಬಂದು ನೋಡಲೆಂದು ಶಾಲೆ ಇಟ್ಟುಕೊಳ್ಳುವ ‘ಓಪನ್ ಡೇ’ಗೆ ಹೋದಾಗ ಮೂರು ವಿಷಯ ಕೇಳಿ: ವರ್ಷದ ನಡುವೆ ಬರುವ, ಬಿಡುವ ಮಕ್ಕಳೆಷ್ಟು, ಇಂಗ್ಲಿಷ್ ಅಷ್ಟಾಗಿ ಬಾರದ ಮಗುವಿಗೆ ಯಾರು ಸಹಾಯ ಮಾಡುತ್ತಾರೆ, ವಾರಕ್ಕೆ ಎಷ್ಟು ಗಂಟೆ ಡಚ್ ಕಲಿಸುತ್ತಾರೆ. ಕೊನೆಯದನ್ನು ನಾನು ಒತ್ತಿ ಹೇಳುತ್ತೇನೆ. ಡಚ್ ಬಾರದ ಮಗುವಿಗೆ ಶಾಲೆ ಬಿಟ್ಟ ಮೇಲೆ ಬೀದಿಯಲ್ಲಿ ಗೆಳೆಯರಿರುವುದಿಲ್ಲ. ಮನೆಯಿಂದ ಶಾಲೆಗಿರುವ ದೂರವನ್ನು ಸೈಕಲ್ಲಿನ ನಿಮಿಷಗಳಲ್ಲಿ ಅಳೆಯಿರಿ, ಅದೂ ನವೆಂಬರಿನ ಎದುರುಗಾಳಿಯಲ್ಲಿ. ನಮ್ಮಲ್ಲಿನಂತೆ ಮನೆ ಬಾಗಿಲಿಗೆ ಬರುವ ಸ್ಕೂಲ್ ವ್ಯಾನಿನ ರೂಢಿ ಇಲ್ಲಿಲ್ಲ.

ಹೊರಡುವ ಮೊದಲು ಮಕ್ಕಳ ಜನನ ಪ್ರಮಾಣಪತ್ರಕ್ಕೆ ಅದು ಅಸಲಿಯೆಂದು ವಿದೇಶದಲ್ಲಿ ಒಪ್ಪಿಸುವ ಅಪೊಸ್ಟಿಲ್ ಮುದ್ರೆ ಹಾಕಿಸಿಕೊಳ್ಳಿ. ಇಲ್ಲಿನ ನಗರಸಭೆಯ ನೋಂದಣಿಗೆ ಅದು ಬೇಕು. ಇಲ್ಲಿಗೆ ಬಂದ ಮೇಲೆ ಅದನ್ನು ಊರಿನಿಂದ ಮಾಡಿಸಿ ತರಿಸುವುದು ತಿಂಗಳುಗಟ್ಟಲೆಯ ಕೆಲಸ. ಲಸಿಕೆಯ ಪುಸ್ತಕ, ಹಿಂದಿನ ಎರಡು ವರ್ಷದ ಮಾರ್ಕ್ಸ್ ಕಾರ್ಡುಗಳನ್ನೂ ತನ್ನಿ. ಊರಿನ ಶಾಲೆಯ ಟಿಸಿಯನ್ನು ಇಲ್ಲಿ ಯಾರೂ ಕೇಳದಿರಬಹುದು, ಆದರೂ ಅದನ್ನು ಮಗುವಿನ ಸ್ಯಾಟ್ಸ್ (ಕರ್ನಾಟಕದ ಶಾಲಾ ದಾಖಲೆಯ) ಸಂಖ್ಯೆಯ ಸಮೇತ ಪಡೆದು ಜೋಪಾನ ಮಾಡಿ. ಹಿಂದಿರುಗಿದ ದಿನ ಅಲ್ಲಿನ ಶಾಲೆಯವರು ಮೊದಲು ಕೈಚಾಚುವುದು ಅದಕ್ಕೇ.