ಗಲ್ಲಾದ ಮೇಲಿನ ಲಕ್ಷ್ಮೀಪಟ: ಕಲ್ಲಚ್ಚೋ, ಆಫ್‌ಸೆಟ್ಟೋ?

ಮುಂಬೈಯ ಹಳೆಯ ಉಡುಪಿ ಹೋಟೆಲುಗಳ ಗಲ್ಲಾದ ಮೇಲೆ, ಮಾಟುಂಗ-ಡೊಂಬಿವಲಿಯ ಕನ್ನಡಿಗರ ದೇವರಕೋಣೆಗಳಲ್ಲಿ ರವಿವರ್ಮನ ಲಕ್ಷ್ಮಿ, ಸರಸ್ವತಿ ಇನ್ನೂ ಇದ್ದಾರೆ. ಅವನ ಅಚ್ಚುಕೂಟ 1894ರಲ್ಲಿ ಗಿರಗಾಂವ್‌ನಲ್ಲಿ ಶುರುವಾಯಿತು, ಆಮೇಲೆ ಲೋಣಾವಳಾ ಬಳಿಯ ಮಳವಲಿಗೆ ಹೋಯಿತು. ಜರ್ಮನಿಯ ಫ್ರಿಟ್ಸ್ ಶ್ಲೈಶರ್ ಅದನ್ನು ಕೊಂಡ ಮೇಲೂ ಅವೇ ಚಿತ್ರಗಳು ಅಚ್ಚಾದವು. ಹಾಗಾಗಿ ಒಂದೇ ಲಕ್ಷ್ಮಿಗೆ ಹಲವು ಮುದ್ರಣ.

ನಿಮ್ಮ ಪಟ ಹಳೆಯ ಕಲ್ಲಚ್ಚಿನದೋ (ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚು ಹಾಕಿದ್ದು), ಆಮೇಲಿನ ಆಫ್‌ಸೆಟ್ ನಕಲೋ (ಫೋಟೋ ತೆಗೆದು ಯಂತ್ರದಲ್ಲಿ ಅಚ್ಚು ಹಾಕಿದ್ದು) ಎಂದು ತಿಳಿಯಲು ಬೇಕಾದ್ದು ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ (ಪುಟ್ಟ ಭೂತಗನ್ನಡಿ), ಒಂದು ಸಾದಾ ಟಾರ್ಚು, 365 ನ್ಯಾನೋಮೀಟರಿನ ಯುವಿ (ನೇರಳಾತೀತ) ಟಾರ್ಚು.

ಮೊದಲು ಲೂಪನ್ನು ದೇವಿಯ ಕೆನ್ನೆಯ ಮೇಲಿಡಿ. ಕಲ್ಲಚ್ಚಿನಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ನೆರಳು-ಬೆಳಕನ್ನು ಕುಶಲಕರ್ಮಿ ಕೈಯಿಂದ ಚುಕ್ಕಿ ಇಟ್ಟು ತಂದಿರುತ್ತಾನೆ. ಆ ಚುಕ್ಕಿಗಳು ಚದುರಿರುತ್ತವೆ, ಒಂದರ ಗಾತ್ರ ಇನ್ನೊಂದಕ್ಕಿಲ್ಲ. ಸಾಲುಸಾಲಾಗಿ, ಪುಟ್ಟ ಹೂವಿನಂತೆ ಗುಂಪುಗೂಡಿದ ಚುಕ್ಕಿ ಕಂಡರೆ ಅದು ಆಫ್‌ಸೆಟ್. ಆಭರಣದ ಚಿನ್ನವನ್ನೂ ನೋಡಿ: ಲೋಹದ ಪುಡಿ ಹಾಕಿದ್ದರೆ ಪಟ ಓರೆ ಮಾಡಿದಾಗ ಮಿನುಗುತ್ತದೆ, ಆಫ್‌ಸೆಟ್ ನಕಲಿನಲ್ಲಿ ಬರೀ ಕಂದು-ಹಳದಿ.

ಸಾದಾ ಟಾರ್ಚನ್ನು ಪಕ್ಕದಿಂದ, ಕಾಗದದ ಮಟ್ಟಕ್ಕೆ ಹಿಡಿಯಿರಿ. ಓಲಿಯೋಗ್ರಾಫಿಗೆ, ಅಂದರೆ ತೈಲಚಿತ್ರದಂತೆ ಕಾಣುವ ಕಲ್ಲಚ್ಚಿನ ಪಟಕ್ಕೆ, ವಾರ್ನಿಶ್ ಬಳಿದು, ಕ್ಯಾನ್ವಾಸಿನ ನೇಯ್ಗೆಯನ್ನು ಒತ್ತಿರುತ್ತಾರೆ. ಆ ಉಬ್ಬುತಗ್ಗು ನೆರಳು ಕೊಡುತ್ತದೆ. ನೇಯ್ಗೆ ಕಣ್ಣಿಗೆ ಕಂಡೂ ನೆರಳು ಬೀಳದಿದ್ದರೆ, ಅದು ಹಳೆಯ ಪಟದ ಫೋಟೋ ತೆಗೆದು ಅಚ್ಚು ಹಾಕಿದ್ದು.

ಯುವಿ ಪರೀಕ್ಷೆ ಕತ್ತಲಲ್ಲಿ, ಕಾಗದದ ಹಿಂಬದಿಗೆ ಮಾತ್ರ. ಮುಂಬದಿಯ ವಾರ್ನಿಶ್ ತಾನೇ ಹಸಿರು-ಹಳದಿಯಾಗಿ ಹೊಳೆದು ದಾರಿ ತಪ್ಪಿಸುತ್ತದೆ. ನೀಲಿ-ಬಿಳಿಯಾಗಿ ಉರಿಯುವ ಕಾಗದದಲ್ಲಿ ಹೊಳೆಯುವ ಬಿಳುಪುಕಾರಕ (ಆಪ್ಟಿಕಲ್ ಬ್ರೈಟ್ನರ್) ಇದೆ, ಅದು 1950ರ ಸುಮಾರಿನ ನಂತರವೇ ಕಾಗದದಲ್ಲಿ ಬಳಕೆಗೆ ಬಂದದ್ದು. ಸಾಬೂನುಪುಡಿ ತಾಗಿದ್ದರೂ ಹೀಗೇ ಹೊಳೆಯುತ್ತದೆ, ಆದರೆ ಅಲ್ಲಲ್ಲಿ ಮಚ್ಚೆಯಾಗಿ. ಹಿಂದೆ ಹೊಸ ರಟ್ಟು ಅಂಟಿಸಿದ್ದರೆ ನೀವು ನೋಡುತ್ತಿರುವುದು ರಟ್ಟನ್ನೇ.

ಕೆಳಗಿನ ಅಂಚಿನ ಅಕ್ಷರ ಓದಿ. ಅಚ್ಚುಕೂಟದ ಹೆಸರು, ಊರು ಬದಲಾದರೆ ಮುದ್ರಣವೂ ಬೇರೆ. ಕಟ್ಟು ಹಾಕುವವರು ಬಹಳ ಸಲ ಈ ಅಂಚನ್ನೇ ಕತ್ತರಿಸಿಬಿಟ್ಟಿರುತ್ತಾರೆ, ಅದೇ ದೊಡ್ಡ ನಷ್ಟ. ಅಂಗಡಿಯ ಕ್ಯಾಲೆಂಡರ್ ಪಟವಾಗಿದ್ದು ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ಕ್ಕಿಂತ ಹಿಂದಿನದಲ್ಲ.

ಹೆಚ್ಚಿನವರು ಮೋಸಹೋಗುವುದು ಬಣ್ಣದಲ್ಲಿ. ಗುಲಾಬಿ ಸೀರೆ ನೀಲಿಯಾಗಿ ಕಂಡ ಕೂಡಲೇ ‘ಅಪರೂಪದ ಬಣ್ಣ’ ಎಂದು ದುಡ್ಡು ಕೊಡಬೇಡಿ. ಬಿಸಿಲಿಗೆ ಕೆಂಪು ಬೇಗ ಹಾರಿ ನೀಲಿ ಉಳಿದಿರಬಹುದು. ಕಟ್ಟಿನ ಅಡಿ ಅಡಗಿದ್ದ ಅಂಚನ್ನು ನೋಡಿ, ಅಲ್ಲಿ ಗುಲಾಬಿ ಇದ್ದರೆ ಅದು ಬಿಸಿಲಿನ ಕೆಲಸ. ಸೀರೆಯಂಚಿನಲ್ಲಿ ಕೆಂಪು ಅರ್ಧ ಮಿಲಿಮೀಟರ್ ಪಕ್ಕಕ್ಕೆ ಸರಿದಿದ್ದರೆ ಆ ಒಂದು ಹಾಳೆ ಕಲ್ಲಿನ ಮೇಲೆ ಸರಿಯಾಗಿ ಕೂರಲಿಲ್ಲ, ಅಷ್ಟೇ. ನಿಜವಾದ ಭೇದ ಕಲ್ಲಿನಲ್ಲೇ ಇರುತ್ತದೆ: ಒಂದು ಬಣ್ಣ ಕೈಬಿಟ್ಟದ್ದು, ಒಂದು ಗೆರೆ ತಿದ್ದಿದ್ದು, ಅಕ್ಷರ ಬದಲಿಸಿದ್ದು. ಅಂಥದ್ದು ಎರಡನೆಯ ಪ್ರತಿಯಲ್ಲೂ ಅದೇ ಜಾಗದಲ್ಲಿ ಸಿಗಬೇಕು. ಅದಕ್ಕೇ ಹಳೆಯ ಸಾಮಾನು ಮಾರುವ ಚೋರ್ ಬಜಾರಿನ ಮಟನ್ ಸ್ಟ್ರೀಟಿಗೆ ಹೋಗುವಾಗ ಮನೆಯ ಪಟದ ಕೆನ್ನೆ, ಸೀರೆಯಂಚು, ಕೆಳಗಿನ ಸಾಲು ಮೂರನ್ನೂ ಹತ್ತಿರದಿಂದ ಫೋಟೋ ತೆಗೆದು ಒಯ್ಯಿರಿ.

ಗಾಜಿಗೆ ಪಟ ಅಂಟಿಕೊಂಡಿದ್ದರೆ ಎಳೆಯಬೇಡಿ, ಬಣ್ಣ ಗಾಜಿನಲ್ಲೇ ಉಳಿಯುತ್ತದೆ. ಮುಂಬೈಯ ಮಳೆಗಾಲದಲ್ಲಂತೂ ಕಟ್ಟು ಬಿಚ್ಚುವುದೇ ಬೇಡ. ಒಣಹವೆ ಬರುವ ಡಿಸೆಂಬರ್‌ವರೆಗೆ ಕಾಯಿರಿ.