ದತ್ತು ಮಗುವಿನ ಶಾಲೆ, ಆಸ್ಪತ್ರೆ: ಮೊದಲು ಒಂದು ಹಾಳೆ ಬರೆದಿಟ್ಟುಕೊಳ್ಳಿ

"ಹೆರಿಗೆ ನಾರ್ಮಲ್ಲಾ, ಸಿಸೇರಿಯನ್ನಾ? ಹುಟ್ಟಿದ ತಕ್ಷಣ ಅತ್ತಳಾ? ಮನೆಯಲ್ಲಿ ಯಾರಿಗಾದರೂ ಕಿವಿ ಕೇಳಿಸಲ್ವಾ?"

ಮಗುವನ್ನು ಮೊದಲ ಸಲ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಚೀಟಿ ಬರೆಯುತ್ತಿದ್ದ ಹುಡುಗಿ ಒಂದೇ ಉಸಿರಲ್ಲಿ ಇಷ್ಟನ್ನೂ ಕೇಳಿದಳು. ನಾನು ಮೂರಕ್ಕೂ "ಗೊತ್ತಿಲ್ಲ" ಅಂದೆ. ಆಕೆ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಹಿಂದೆ ಸಾಲಿನಲ್ಲಿ ನಿಂತವರೂ ನೋಡಿದರು. ತೊಡೆಯ ಮೇಲಿದ್ದ ಮಗಳೂ ನನ್ನ ಮುಖವನ್ನೇ ನೋಡುತ್ತಿದ್ದಳು. ಕೊನೆಗೆ ಎಲ್ಲರೆದುರು "ದತ್ತು ತಗೊಂಡಿರೋದು" ಅಂತ ಗಟ್ಟಿಯಾಗಿ ಹೇಳಬೇಕಾಯಿತು. ಆ ದಿನ ಮನೆಗೆ ಬಂದು ಮಾಡಿದ ಮೊದಲ ಕೆಲಸ ಒಂದು ಹಾಳೆ ಟೈಪ್ ಮಾಡಿದ್ದು. ದತ್ತು ತೆಗೆದುಕೊಂಡವರು, ತೆಗೆದುಕೊಳ್ಳಬೇಕು ಅಂತ ಇರುವವರು, ನೀವೂ ಇವತ್ತೇ ಇದನ್ನು ಮಾಡಿ.

ಹಾಳೆಯ ಮೇಲ್ಗಡೆ ಹೀಗಿರಲಿ: "ಮಗುವನ್ನು ಕಾನೂನು ಪ್ರಕಾರ ದತ್ತು ಪಡೆದಿದ್ದೇವೆ. ಮನೆಗೆ ಬಂದಾಗ ವಯಸ್ಸು ಇಷ್ಟು. ಹೆತ್ತವರ ಆರೋಗ್ಯದ ವಿವರ, ಬಸಿರು ಮತ್ತು ಹೆರಿಗೆಯ ವಿವರ ಲಭ್ಯವಿಲ್ಲ. ದಯವಿಟ್ಟು ಮಗುವಿನ ಎದುರು ಈ ಬಗ್ಗೆ ಕೇಳಬೇಡಿ." ಅದರ ಕೆಳಗೆ ಬಂದ ದಿನದ ತೂಕ, ಎತ್ತರ, ರಕ್ತದ ಗುಂಪು, ಹಾಕಿಸಿದ ಲಸಿಕೆಗಳು ತಾರೀಕಿನ ಸಮೇತ, ಆಗಿರುವ ಟೆಸ್ಟುಗಳು, ಯಾವ ಔಷಧಿ ಮೈಗೆ ಆಗಲ್ಲ, ಈಗ ಏನು ಔಷಧಿ ನಡೆಯುತ್ತಿದೆ, ನಿಮ್ಮ ಫೋನ್ ನಂಬರ್. ಒಂದೇ ಪುಟ ಸಾಕು. ಹತ್ತು ಜೆರಾಕ್ಸ್ ಮಾಡಿಸಿ ಫೈಲಿನಲ್ಲಿಡಿ. ಒಳಗೆ ಹೋಗುತ್ತಲೇ ಮಾತಿಲ್ಲದೆ ಡಾಕ್ಟರ ಕೈಗೆ ಕೊಡಿ. ಒಳ್ಳೆಯ ಡಾಕ್ಟರು ಓದಿಕೊಂಡು, ತಲೆ ಆಡಿಸಿ, ನೇರ ಮಗುವಿನ ಹತ್ತಿರ "ಏನಮ್ಮಾ, ಏನಾಯ್ತು?" ಅಂತ ಶುರು ಮಾಡುತ್ತಾರೆ. ಗೊತ್ತಿಲ್ಲ ಅನ್ನುವುದೂ ಒಂದು ಉತ್ತರವೇ. ಅದನ್ನು ಬರೆದು ಕೊಟ್ಟರೆ ಯಾರೂ ನಿಮ್ಮನ್ನು ಕೆದಕುವುದಿಲ್ಲ.

ಟಿಕ್ ಮಾರ್ಕ್ ನಂಬಿ ಕೂರಬೇಡಿ

ನಮ್ಮ ಮಗಳು ಒಡಿಶಾದಿಂದ ಬಂದವಳು. ದೇಶದ ದತ್ತು ವ್ಯವಹಾರ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಕಾರಾ ಮೂಲಕ ಅರ್ಜಿ ಹಾಕಿದರೆ ಮಗು ನಮ್ಮ ರಾಜ್ಯದ್ದೇ ಆಗಿರಬೇಕು ಅಂತಿಲ್ಲ. 2020ರಲ್ಲಿ ಮೈಸೂರಿಗೆ ಬಂದಾಗ ಎರಡೂವರೆ ವರ್ಷ. ಮಾತು ಅಂದರೆ ನಾಲ್ಕೈದು ಶಬ್ದ ಅಷ್ಟೇ. ಎಲ್ಲರೂ ಒಂದೇ ಮಾತು ಹೇಳಿದರು: "ಅದಕ್ಕೆ ಗೊತ್ತಿರೋದು ಒಡಿಯಾ, ನೀವು ಮಾತಾಡೋದು ಕನ್ನಡ, ಹೊಂದಿಕೊಳ್ಳಲಿ ಬಿಡಿ." ಅವಳು ಮೊದಲಿದ್ದ ದತ್ತು ಸಂಸ್ಥೆಯವರು ಜೊತೆಗೆ ಕೊಟ್ಟ ವೈದ್ಯಕೀಯ ವರದಿಯಲ್ಲಿ ಕಿವಿಯ ಮುಂದೆ "ಸರಿ ಇದೆ" ಅಂತ ಟಿಕ್ ಇತ್ತು. ನಾನೂ ನಂಬಿದೆ. ಆರು ತಿಂಗಳು ಹಾಗೇ ಹೋಯಿತು. ಒಂದು ದಿನ ಅಡುಗೆಮನೆಯಲ್ಲಿ ಕುಕ್ಕರ್ ಮುಚ್ಚಳ ಕೈಜಾರಿ ನೆಲಕ್ಕೆ ಬಿತ್ತು. ನಡುಮನೆಯಲ್ಲಿದ್ದ ಅತ್ತೆ ಬೆಚ್ಚಿಬಿದ್ದರು. ನನ್ನ ಬೆನ್ನ ಹಿಂದೆ ಎರಡಡಿ ದೂರದಲ್ಲಿ ಕೂತು ಬಟ್ಟಲು ಜೋಡಿಸುತ್ತಿದ್ದ ಮಗಳು ತಲೆಯನ್ನೇ ಎತ್ತಲಿಲ್ಲ.

ಹಾಗಾಗಿ ಹೇಳುತ್ತಿದ್ದೇನೆ. ಮಗು ಬಂದ ಮೊದಲ ತಿಂಗಳಲ್ಲೇ ಕಿವಿ, ಕಣ್ಣು, ರಕ್ತಹೀನತೆ, ಥೈರಾಯ್ಡ್ ಇವಿಷ್ಟನ್ನೂ ನಿಮ್ಮ ಮಕ್ಕಳ ಡಾಕ್ಟರ ಹತ್ತಿರ ಹೊಸದಾಗಿ ನೋಡಿಸಿ. ಒಪ್ಪಿಗೆ ಕೊಡುವ ಮೊದಲೇ ಆ ವರದಿಯನ್ನು ನಿಮಗೆ ಬೇಕಾದ ಡಾಕ್ಟರಿಗೆ ತೋರಿಸುವ ಅವಕಾಶವೂ ಇದೆ, ಬಿಡಬೇಡಿ. ಇದು ಮಗುವನ್ನು ಬೇಡ ಅನ್ನುವುದಕ್ಕಲ್ಲ, ಬಂದ ಮೇಲೆ ಚಿಕಿತ್ಸೆ ತಡ ಆಗಬಾರದು ಅಂತ.

ಲಸಿಕೆ ವಿಷಯದಲ್ಲಿ ನಿಯಮ ಸರಳ. ತಾಯಿ ಕಾರ್ಡಿನಲ್ಲೋ ಸಂಸ್ಥೆಯ ಪುಸ್ತಕದಲ್ಲೋ ತಾರೀಕು ಇದ್ದರೆ ಹಾಕಿದೆ, ಇಲ್ಲದಿದ್ದರೆ ಹಾಕಿಲ್ಲ ಅಂತಲೇ ಲೆಕ್ಕ. ಬಿಸಿಜಿಗೆ ಮಾತ್ರ ಎಡತೋಳಿನ ಮೇಲೆ ಕಲೆ ಇದೆಯಾ ನೋಡುತ್ತಾರೆ. ದಡಾರ-ರುಬೆಲ್ಲಾ ಒಂಬತ್ತು ತಿಂಗಳಿಗೊಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. 5-6 ವರ್ಷಕ್ಕೆ ಡಿಪಿಟಿ ಬೂಸ್ಟರ್. ಬಿಟ್ಟುಹೋದದ್ದಕ್ಕೆ ಡಾಕ್ಟರು ಹೊಸ ಪಟ್ಟಿ ಮಾಡಿಕೊಡುತ್ತಾರೆ. ಸರ್ಕಾರದ ಪಟ್ಟಿಯಲ್ಲಿರುವವು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ.

ಕಿವಿಗೆ ನಾವು ಹೋದದ್ದು ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ, ಎಲ್ಲರೂ ಆಯಿಷ್ ಅನ್ನುತ್ತಾರಲ್ಲ, ಅದೇ. ಚಿಕ್ಕ ಮಕ್ಕಳಿಗೆ ಬೆರಾ ಅಂತ ಒಂದು ಟೆಸ್ಟ್ ಇದೆ. ಹಣೆಗೆ, ಕಿವಿಯ ಹಿಂದೆ ವೈರ್ ಅಂಟಿಸಿ, ಶಬ್ದ ಕೇಳಿಸಿ, ಮೆದುಳಿಗೆ ತಲುಪುತ್ತಿದೆಯಾ ನೋಡುತ್ತಾರೆ. ನೋವಿಲ್ಲ. ಆದರೆ ಮಗು ನಿದ್ದೆಯಲ್ಲಿರಬೇಕು. ಬೇರೆ ಮಕ್ಕಳಿಗೆ ಇದು ಸುಲಭ, ದತ್ತು ಬಂದ ನಮ್ಮ ಮಕ್ಕಳಿಗೆ ಕಷ್ಟ. ಹೊಸ ಕೋಣೆ, ಹೊಸ ಮುಖ ಅಂದರೆ "ಮತ್ತೆ ಇಲ್ಲೇ ಬಿಟ್ಟು ಹೋಗ್ತಾರೇನೋ" ಅನ್ನುವ ಭಯ ಅವರ ಮೈಯಲ್ಲೇ ಇರುತ್ತದೆ. ಎರಡು ಸಲ ನಿದ್ದೆ ಬರದೆ ವಾಪಸ್ ಬಂದೆವು. ಮೂರನೇ ಸಲ ಬೆಳಿಗ್ಗೆ ಐದಕ್ಕೇ ಎಬ್ಬಿಸಿ, ದಾರಿಯಲ್ಲಿ ಮಲಗಲು ಬಿಡದೆ, ಅವಳು ದಿನಾ ಹೊದೆಯುವ ಹಳೇ ದುಪ್ಪಟಿಯನ್ನು ತೊಳೆಯದೆ ಹಾಗೇ ತೆಗೆದುಕೊಂಡು ಹೋದೆ, ಅದರ ವಾಸನೆಗೇ ತೊಡೆ ಮೇಲೆ ನಿದ್ದೆ ಹೋದಳು. ಇದೊಂದು ನೆನಪಿಡಿ: ದುಪ್ಪಟಿ ತೊಳೆಯಬೇಡಿ.

ಎರಡೂ ಕಿವಿ ಸರಿಯಾಗಿ ಕೇಳಿಸಲ್ಲ ಅಂತ ಟೆಸ್ಟಿನಲ್ಲಿ ಗೊತ್ತಾಯಿತು, ಎರಡಕ್ಕೂ ಕೇಳಿಸುವ ಮಿಷನ್ ಬಂತು. ಅದರ ಉಸ್ತುವಾರಿ ಕಲಿಯಲು ಒಂದು ವಾರ ಸಾಕು. ನಮ್ಮದಕ್ಕೆ 13 ನಂಬರ್ ಬ್ಯಾಟರಿ, ಕಿತ್ತಳೆ ಬಣ್ಣದ ಸ್ಟಿಕ್ಕರ್ ಇರುವುದು. ಸ್ಟಿಕ್ಕರ್ ಕಿತ್ತ ಮೇಲೆ ಒಂದು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಹಾಕಿ. ಕುಂಯ್ ಅಂತ ಸೀಟಿ ಬಂದರೆ ಮಿಷನ್ ಕೆಟ್ಟಿದೆ ಅಂತಲ್ಲ, ಕಿವಿ ಬೆಳೆದು ಮೋಲ್ಡ್, ಅಂದರೆ ಕಿವಿಯೊಳಗೆ ಕೂರುವ ಅಚ್ಚು, ಸಡಿಲ ಆಗಿರಬಹುದು, ಚಿಕ್ಕ ಮಕ್ಕಳಿಗೆ ಕೆಲವೇ ತಿಂಗಳಿಗೆ ಹೊಸ ಮೋಲ್ಡ್ ಬೇಕಾಗುತ್ತದೆ. ರಾತ್ರಿ ಬಿಚ್ಚಿ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ. ಹಳೇ ಬ್ಯಾಟರಿ ಮಗುವಿನ ಕೈಗೆ ಸಿಗಲೇಬಾರದು. ನುಂಗಿದರೆ ಕಾಯುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಓಡಿ.

ದಿನವೂ ಮಾತಿನ ಅಭ್ಯಾಸ ಮನೆಯಲ್ಲೇ ನಡೆಯಬೇಕು. ಆಯಿಷ್‌ನ ಪ್ರೀಸ್ಕೂಲಿನಲ್ಲಿ ಅಮ್ಮಂದಿರೂ ಮಕ್ಕಳ ಜೊತೆ ಕೂತು ಕಲಿಯುತ್ತಾರೆ, ಅಲ್ಲಿ ಕಲಿತದ್ದು ನನಗೆ ಈಗಲೂ ಕೆಲಸಕ್ಕೆ ಬರುತ್ತದೆ. ಅನ್ನ ಕಲಸುವಾಗ "ಬಿಸಿ", ತಟ್ಟೆ ಖಾಲಿ ಆದಾಗ "ಖಾಲಿ", ಅವಳ ಕಣ್ಣಿನ ಮಟ್ಟಕ್ಕೆ ಕೂತು, ತುಟಿ ಕಾಣುವ ಹಾಗೆ. ಅವಳ ಬಾಯಿಂದ ಸ್ಪಷ್ಟವಾಗಿ ಬಂದ ಮೊದಲ ಕನ್ನಡ ಶಬ್ದ "ಖಾಲಿ".

ಕಾಗದ ಪತ್ರ, ಯಾವುದರ ನಂತರ ಯಾವುದು

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಮೊದಲು ದತ್ತು ಆದೇಶ. ನಮಗೆ ಕೋರ್ಟಿನಿಂದ ಬಂತು, 2022ರ ಸೆಪ್ಟೆಂಬರ್‌ನಿಂದ ಜಿಲ್ಲಾಧಿಕಾರಿಯೇ ಕೊಡುತ್ತಾರೆ. ಆದೇಶ ಬರುವ ತನಕ ಮಗು ನಿಮ್ಮ ಮನೆಯಲ್ಲಿ ದತ್ತುಪೂರ್ವ ಪೋಷಣೆಯಲ್ಲಿರುತ್ತದೆ. ಅಷ್ಟು ದಿನ ಆಸ್ಪತ್ರೆಯಲ್ಲಿ ಯಾರಾದರೂ ಕೇಳಿದರೆ ತೋರಿಸಲು ಆ ಪೋಷಣೆಯ ಪತ್ರದ ಪ್ರತಿ ಸದಾ ಬ್ಯಾಗಿನಲ್ಲಿರಲಿ. ಆದೇಶ ಬಂದ ಮೇಲೆ ಜನನ ಪ್ರಮಾಣಪತ್ರ. ಅದರಲ್ಲಿ ಅಪ್ಪ ಅಮ್ಮ ಅಂತ ನಿಮ್ಮ ಹೆಸರೇ ಇರುತ್ತದೆ, ಹುಟ್ಟಿದ ದಿನ ಆದೇಶದಲ್ಲಿ ಇದ್ದಂತೆ. ಕೈಗೆ ಬಂದ ಕೂಡಲೇ ಹೆಸರಿನ ಒಂದೊಂದು ಅಕ್ಷರವನ್ನೂ ಆದೇಶದ ಜೊತೆ ಇಟ್ಟು ನೋಡಿ. ನಮ್ಮದರಲ್ಲಿ ಒಂದು ಅಕ್ಷರ ತಪ್ಪಿತ್ತು, ಅದನ್ನು ಸರಿ ಮಾಡಿಸಲು ಎರಡು ತಿಂಗಳು ಓಡಾಡಿದೆವು. ಆಮೇಲೆ ಆಧಾರ್. ಐದು ವರ್ಷದ ಒಳಗಿದ್ದರೆ ಬೆರಳಚ್ಚು ತೆಗೆದುಕೊಳ್ಳುವುದಿಲ್ಲ, ಐದು ತುಂಬಿದ ಮೇಲೆ ಕೊಡಬೇಕು.

ಆರೋಗ್ಯ ವಿಮೆ ಮಾಡಿಸುವಾಗ ಮಗುವಿಗೆ ತೊಂದರೆ ಏನೇ ಇದ್ದರೂ ಮುಚ್ಚಿಡಬೇಡಿ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ 2024ರಿಂದ ಹೆಚ್ಚೆಂದರೆ ಮೂರು ವರ್ಷ. ಮುಚ್ಚಿಟ್ಟರೆ ಕ್ಲೇಮೇ ಹೋಗಬಹುದು. ಯಜಮಾನರ ಕಂಪನಿಯ ಗುಂಪು ವಿಮೆ ಇದ್ದರೆ ಮಗು ಬಂದ ವಾರವೇ ಎಚ್‌ಆರ್‌ಗೆ ಮೇಲ್ ಹಾಕಿಸಿ, ಹೆಸರು ಸೇರಿಸಲು ಇಷ್ಟೇ ದಿನ ಅಂತ ಗಡುವು ಇರುತ್ತದೆ.

ಇನ್ನೊಂದು. ಮಗು ಬಂದ ಮೇಲೆ ಎರಡು ವರ್ಷ, ಆರು ತಿಂಗಳಿಗೊಮ್ಮೆ ಸಮಾಜ ಕಾರ್ಯಕರ್ತರು ಮನೆಗೆ ಬಂದು ವರದಿ ಬರೆಯುತ್ತಾರೆ. ತಪಾಸಣೆ ಅಂತ ಹೆದರಿ, ಮನೆ ಒರೆಸಿ ಸುಮ್ನೆ ನಗುತ್ತಾ ಕೂರಬೇಡಿ. ನಿಜವಾದ ಕಷ್ಟ ಹೇಳಿ. ನಮ್ಮ ಮಗಳು ದಿಂಬಿನ ಕವರಿನೊಳಗೆ ಚಪಾತಿ ಬಚ್ಚಿಡುತ್ತಿದ್ದಳು. ಅದನ್ನು ಅವರ ಹತ್ತಿರ ಹೇಳಿದ್ದಕ್ಕೇ ಒಂದು ಉಪಾಯ ಸಿಕ್ಕಿತು: ಅವಳ ಕೈಗೆಟಕುವ ಕಡೆ ಒಂದು ಡಬ್ಬಿ, ಅದರಲ್ಲಿ ಯಾವಾಗಲೂ ಬಿಸ್ಕತ್ತು, ಬಾಳೆಹಣ್ಣು, ಯಾರನ್ನೂ ಕೇಳಬೇಕಾಗಿಲ್ಲ. ಬೈಯಲಿಲ್ಲ. ನಾಲ್ಕು ತಿಂಗಳಿಗೆ ದಿಂಬು ಖಾಲಿ ಆಯಿತು.

ಶಾಲೆ

ಸೇರಿಸುವಾಗ ಜನನ ಪ್ರಮಾಣಪತ್ರ ಕೊಟ್ಟರೆ ಸಾಕು. ದತ್ತು ಆದೇಶದ ಪ್ರತಿ ಶಾಲೆಯ ಫೈಲಿಗೆ ಹೋಗಬೇಕಾಗಿಲ್ಲ. ಒಂದು ಶಾಲೆಯಲ್ಲಿ ಕೇಳಿದರು, "ಪ್ರಮಾಣಪತ್ರ ಕೊಟ್ಟಿದ್ದೇವಲ್ಲ" ಅಂದೆವು, ಮತ್ತೆ ಕೇಳಲಿಲ್ಲ. ಪತ್ರ ಇನ್ನೂ ಬಂದಿಲ್ಲ, ಮಗುವಿಗೆ ಆರು ತುಂಬಿದೆ ಅಂತಿದ್ದರೆ, ವಯಸ್ಸಿನ ದಾಖಲೆ ಇಲ್ಲ ಅನ್ನುವ ಕಾರಣಕ್ಕೆ ಸೇರಿಸಿಕೊಳ್ಳದೇ ಇರುವ ಹಾಗಿಲ್ಲ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಮಾತೃಭಾಷೆ ಅನ್ನುವ ಜಾಗದಲ್ಲಿ ನಾವು ಕನ್ನಡ ಅಂತ ಬರೆದೆವು.

ತರಗತಿಗೆ ಅವಸರ ಮಾಡಬೇಡಿ. ಎಷ್ಟೋ ಮಕ್ಕಳ ಹುಟ್ಟಿದ ದಿನವೇ ಡಾಕ್ಟರು ಅಂದಾಜಿನಲ್ಲಿ ಹಾಕಿದ್ದು. ಅದರ ಜೊತೆಗೆ ಮನೆ, ಭಾಷೆ, ಊಟ ಎಲ್ಲ ಹೊಸದು. ಒಂದು ವರ್ಷ ಕೆಳಗಿನ ಕ್ಲಾಸಿನಲ್ಲಿ ಕೂತರೆ ಏನೂ ಕಳೆದುಹೋಗುವುದಿಲ್ಲ. ನೆಂಟರು "ಅಯ್ಯೋ ಒಂದು ವರ್ಷ ವೇಸ್ಟ್" ಅಂತಾರೆ, ಅನ್ನಲಿ.

ಕಿವಿಯ ವಿಷಯ ಕ್ಲಾಸ್ ಮಿಸ್‌ಗೆ ಪೂರ್ತಿ ಹೇಳಿ, ಬರೆದೂ ಕೊಡಿ. ನಾನು ಕೊಟ್ಟದ್ದು ಇಷ್ಟು: ಮುಂದಿನ ಬೆಂಚು, ಚೆನ್ನಾಗಿ ಕೇಳುವ ಕಿವಿ ನಿಮ್ಮ ಕಡೆಗಿರಲಿ. ಫ್ಯಾನ್ ಕೆಳಗೆ, ರಸ್ತೆ ಕಡೆಯ ಕಿಟಕಿ ಪಕ್ಕ ಬೇಡ. ಬೋರ್ಡಿಗೆ ಮುಖ ಮಾಡಿಕೊಂಡು ಪಾಠ ಹೇಳಬೇಡಿ. "ಅರ್ಥ ಆಯ್ತಾ?" ಅಂದರೆ ಅವಳು ಹೂಂ ಅಂದೇ ಅನ್ನುತ್ತಾಳೆ, ಅದರ ಬದಲು "ಏನು ಹೇಳಿದೆ, ಹೇಳು" ಅನ್ನಿ. ಮೇಜಿನ ಡ್ರಾಯರಿನಲ್ಲಿ ಎರಡು ಬ್ಯಾಟರಿ ಇಟ್ಟಿರಿ. ಮೊದಲ ವಾರ ನಾನೇ ಕ್ಲಾಸಿಗೆ ಹೋಗಿ ಎಲ್ಲ ಮಕ್ಕಳಿಗೂ ಮಿಷನ್ ತೋರಿಸಿದೆ. ಆಮೇಲೆ ಯಾರೂ ಎಳೆಯಲಿಲ್ಲ.

ತೊಂದರೆ ಜಾಸ್ತಿ ಇದ್ದರೆ ಯುಡಿಐಡಿ ಕಾರ್ಡಿಗೆ, ಅಂದರೆ ವಿಕಲಚೇತನರ ಗುರುತಿನ ಚೀಟಿಗೆ, ಅರ್ಜಿ ಹಾಕಿ, ನಾಚಿಕೆ ಬೇಡ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಪರೀಕ್ಷೆಗೆ ಹೆಚ್ಚು ಸಮಯ, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ ಇವೆಲ್ಲ ಇವೆ. ಒಂದು ಭಾಷೆಯನ್ನೇ ಕಷ್ಟಪಟ್ಟು ಕೇಳಿ ಕಲಿಯುವ ಮಗುವಿಗೆ ಇದು ದೊಡ್ಡ ಸಹಾಯ, ಅಲ್ವಾ? ಎಸ್ಸೆಸ್ಸೆಲ್ಸಿ ವರ್ಷ ಓಡಾಡುವುದಕ್ಕಿಂತ ಈಗಲೇ ಮಾಡಿಸಿಟ್ಟರೆ ಒಳ್ಳೆಯದು.

ದತ್ತು ವಿಷಯ ಎಷ್ಟು ಹೇಳಬೇಕು? ನನ್ನ ಅಭಿಪ್ರಾಯ: ಮಗುವಿಗೆ ಎಲ್ಲವನ್ನೂ, ಅದರ ವಯಸ್ಸಿಗೆ ತಕ್ಕಂತೆ, ಮೊದಲ ದಿನದಿಂದ. ಮಿಸ್‌ಗೆ ಬೇಕಾದಷ್ಟು ಮಾತ್ರ. ಊರಿಗೆ ಏನೂ ಬೇಡ. ಮಗಳ ಕತೆ ಮಗಳದ್ದು, ದೊಡ್ಡವಳಾದ ಮೇಲೆ ಯಾರಿಗೆ ಹೇಳಬೇಕೋ ಅವಳೇ ಹೇಳಿಕೊಳ್ಳಲಿ. "ಸಾಕುಮಗಳಾ?" ಅಂತ ಅವಳೆದುರೇ ಕೇಳಿದವರಿಗೆ ನಾನು "ನನ್ನ ಮಗಳು" ಅಂದು ಮಾತು ಮುಗಿಸುತ್ತೇನೆ. ಮನೆಗೆ ಬಂದು ಅವಳ ಹತ್ತಿರ ಆ ಬಗ್ಗೆ ಮಾತಾಡುತ್ತೇನೆ, ಯಾಕೆಂದರೆ ಅವಳು ತುಟಿ ನೋಡಿ ಎಲ್ಲ ತಿಳಿದುಕೊಂಡಿರುತ್ತಾಳೆ.

ಮಿಸ್‌ಗೆ ಹೇಳಲೇಬೇಕಾದ ಒಂದು ಕಾರಣ ಇದೆ, ಪರಿಸರ ಅಧ್ಯಯನದ "ನನ್ನ ಕುಟುಂಬ" ಪಾಠ. ನಾನು ಮರೆತಿದ್ದೆ. ಒಂದನೇ ಕ್ಲಾಸಿನಲ್ಲಿ ಒಂದು ರಾತ್ರಿ ಎಂಟು ಗಂಟೆಗೆ ಡೈರಿ ತೆಗೆದರೆ "ನಾಳೆ ನಿಮ್ಮ ಪಾಪು ಫೋಟೋ ತನ್ನಿ" ಅಂತ ಇತ್ತು. ನಮ್ಮ ಹತ್ತಿರ ಇದ್ದ ಅತಿ ಹಳೆಯ ಫೋಟೋ ಸಂಸ್ಥೆಯವರು ಕೊಟ್ಟದ್ದು, ಬೋಳಿಸಿದ ತಲೆ, ಮಂಡಿಯ ಕೆಳಗಿನ ತನಕ ಇಳಿಬಿದ್ದ ಯಾರದೋ ಕೆಂಪು ಫ್ರಾಕು. ಅವಳು ಅದನ್ನು ತುಂಬಾ ಹೊತ್ತು ನೋಡಿ, "ಇದಕ್ಕಿಂತ ಚಿಕ್ಕವಳಿದ್ದಾಗ ನನ್ನ ಫೋಟೋ ಯಾರ ಹತ್ರ ಇದೆ?" ಅಂತ ಕೇಳಿದಳು. "ನನಗೆ ಗೊತ್ತಿಲ್ಲ ಕಂದಾ, ನನಗೂ ನೋಡಬೇಕು ಅಂತ ಆಸೆ" ಅಂದೆ. ಅದೇ ಫೋಟೋ ಅಂಟಿಸಿಕೊಂಡು ಹೋದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನೀವು ಜೂನ್‌ನಲ್ಲೇ ಮಿಸ್ ಹತ್ತಿರ ಹೋಗಿ, ಪಾಪು ಫೋಟೋ ಬದಲು "ನಿನಗಿಷ್ಟವಾದ ಹಳೇ ಫೋಟೋ", ವಂಶವೃಕ್ಷದ ಬದಲು "ನಮ್ಮ ಮನೆಯಲ್ಲಿ ಯಾರ್ಯಾರಿದ್ದೇವೆ" ಅಂತ ಇಡೀ ಕ್ಲಾಸಿಗೇ ಕೊಡಲು ಕೇಳಿಕೊಳ್ಳಿ. ನಿಮ್ಮ ಮಗುವಿಗೆ ಮಾತ್ರ ಬೇರೆ ಕೊಡಿಸಬೇಡಿ.

ಸಂಸ್ಥೆಯಿಂದ ಬಂದ ಕಾಗದ, ಫೋಟೋ, ಅವತ್ತು ಹಾಕಿದ್ದ ಬಟ್ಟೆ ಯಾವುದನ್ನೂ ಎಸೆಯಬೇಡಿ. ಒಂದು ಟ್ರಂಕಿನಲ್ಲಿಟ್ಟು ಮಗುವಿಗೆ ಕಾಣುವ ಕಡೆ ಇಡಿ.

ಹಾಳೆಯನ್ನು ಪ್ರತಿ ವರ್ಷ ಮೇ ತಿಂಗಳಲ್ಲಿ ಹೊಸದಾಗಿ ಟೈಪ್ ಮಾಡಿ, ತೂಕ, ಎತ್ತರ, ಔಷಧಿ ಎಲ್ಲ ಬದಲಾಗಿರುತ್ತದೆ. ಈ ವರ್ಷ ಅವಳಿಗೆ ಎಂಟು, ಪಕ್ಕದಲ್ಲಿ ಕೂತು ಓದಿಸಿಕೊಂಡಳು. ಆಮೇಲೆ ಪೆನ್ಸಿಲ್ ತೆಗೆದುಕೊಂಡು ಕೊನೆಯಲ್ಲಿ ಒಂದು ಸಾಲು ಸೇರಿಸಿದಳು: "ನನ್ನ ಎಡಗಡೆ ಕೂತು ಮಾತಾಡಿ, ನಾನೇ ಉತ್ತರ ಹೇಳ್ತೀನಿ." ಅದನ್ನೂ ಟೈಪ್ ಮಾಡಿ ಜೆರಾಕ್ಸ್‌ಗೆ ಕೊಟ್ಟಿದ್ದೇನೆ.