ಕದ್ದರೂ ಮಾರಲಾಗದಂತೆ ಫೋನ್ ಸಿದ್ಧಪಡಿಸುವುದು: ನನ್ನ ಅನುಭವ

ಯಾರ ಫೋನ್ ಸಿದ್ಧಪಡಿಸಿಕೊಟ್ಟರೂ ನಾನು ಸಿಮ್‌ನಿಂದಲೇ ಶುರು ಮಾಡುತ್ತೇನೆ. ಸ್ಕ್ರೀನ್ ಲಾಕ್ ಎಷ್ಟೇ ಗಟ್ಟಿಯಿರಲಿ, ಕಳ್ಳ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ಒಟಿಪಿಗಳೆಲ್ಲ ಅವನ ಕೈಗೇ ಹೋಗುತ್ತವೆ. ಸಿಮ್‌ಗೇ ಹಾಕುವ ಗುಪ್ತ ಸಂಖ್ಯೆ, ಅಂದರೆ ಸಿಮ್ ಪಿನ್, ಆ ದಾರಿ ಮುಚ್ಚುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಇದನ್ನು ಆನ್ ಮಾಡುವಾಗ ಫೋನ್ ಈಗಿರುವ ಸಿಮ್ ಪಿನ್ ಕೇಳುತ್ತದೆ. ಸಿಮ್ ಕೊಟ್ಟ ಕಂಪನಿಯೇ ಇಟ್ಟಿರುವ ಸಂಖ್ಯೆ ಅದು. ಊಹಿಸಿ ಒತ್ತಬೇಡಿ. ಮೂರು ಸಲ ತಪ್ಪಿದರೆ ಸಿಮ್ ಬಿಡಿಸುವ ಸಂಖ್ಯೆಯಾದ ಪಿಯುಕೆ ಬೇಕಾಗುತ್ತದೆ, ಅದನ್ನೂ ಹತ್ತು ಸಲ ತಪ್ಪಿದರೆ ಸಿಮ್ ಬದಲಿಸಲೇಬೇಕು.

ಆಮೇಲೆ *#06# ಒತ್ತಿ ಫೋನಿನ ಗುರುತಿನ ಸಂಖ್ಯೆಯಾದ 15 ಅಂಕಿಗಳ ಐಎಂಇಐ ಅನ್ನು ಕಾಗದದ ಮೇಲೆ ಬರೆದಿಡುತ್ತೇನೆ. ಎರಡು ಸಿಮ್ ಇದ್ದರೆ ಎರಡು ಸಂಖ್ಯೆ, ಎರಡೂ ಬೇಕು.

ಆಂಡ್ರಾಯ್ಡ್‌ನ ಫ್ಯಾಕ್ಟರಿ ರೀಸೆಟ್ ರಕ್ಷಣೆ ಕೆಲಸ ಮಾಡಬೇಕಾದರೆ ಗೂಗಲ್ ಖಾತೆಯೂ ಇರಬೇಕು, ಸ್ಕ್ರೀನ್ ಲಾಕ್ ಕೂಡ ಇರಬೇಕು. ಆಗ ರಿಕವರಿ ಮೋಡ್‌ನಿಂದ ಎಲ್ಲ ಅಳಿಸಿದರೂ ಫೋನ್ ಹಳೆಯ ಖಾತೆಯನ್ನೋ ಲಾಕನ್ನೋ ಕೇಳುತ್ತದೆ. ಐಫೋನಿನಲ್ಲಿ ಕಳೆದ ಫೋನ್ ಹುಡುಕುವ ಫೈಂಡ್ ಮೈ ಆನ್ ಆದರೆ, ಇದೇ ಕೆಲಸ ಮಾಡುವ ಆಕ್ಟಿವೇಶನ್ ಲಾಕ್ ತಾನಾಗಿಯೇ ಬರುತ್ತದೆ.

ಇಷ್ಟನ್ನೂ ಮೀರುವವನು ಹಿಂದೆ ನಿಂತು ಸ್ಕ್ರೀನ್ ಲಾಕಿನ ಪಿನ್ ನೋಡಿಕೊಂಡು ಫೋನ್ ಎಗರಿಸುವ ಕಳ್ಳ. ಪಿನ್ ಗೊತ್ತಿದ್ದರೆ ಖಾತೆಯ ಪಾಸ್‌ವರ್ಡನ್ನೇ ಬದಲಿಸಿಬಿಡಬಹುದಿತ್ತು. ಅದಕ್ಕೆ ಆಪಲ್ 2024ರ ಜನವರಿಯಲ್ಲಿ, ಐಒಎಸ್ 17.3ರಲ್ಲಿ, ಸ್ಟೋಲನ್ ಡಿವೈಸ್ ಪ್ರೊಟೆಕ್ಷನ್ ತಂದಿತು: ಪಾಸ್‌ವರ್ಡ್ ಬದಲಿಸಲು ಮುಖ ಅಥವಾ ಬೆರಳಚ್ಚು ಕೊಟ್ಟು, ಒಂದು ಗಂಟೆ ಕಾದು, ಮತ್ತೊಮ್ಮೆ ಕೊಡಬೇಕು. ಇದನ್ನು 'ಯಾವಾಗಲೂ' ಎಂಬ ಆಯ್ಕೆಯಲ್ಲೇ ಇಡುತ್ತೇನೆ. ಇಲ್ಲದಿದ್ದರೆ ನಾವು ನಿತ್ಯ ಹೋಗುವ ಜಾಗದಲ್ಲಿ ಈ ಕಾವಲು ಸಡಿಲವಾಗುತ್ತದೆ. ಆಂಡ್ರಾಯ್ಡ್‌ನಲ್ಲಿ, ಕಸಿದು ಓಡಿದರೆ ಸ್ಕ್ರೀನ್ ಮುಚ್ಚುವ ಥೆಫ್ಟ್ ಡಿಟೆಕ್ಷನ್ ಲಾಕ್ ಮತ್ತು ಇಂಟರ್ನೆಟ್ ಕಡಿತವಾದರೆ ಮುಚ್ಚುವ ಆಫ್‌ಲೈನ್ ಡಿವೈಸ್ ಲಾಕ್ ಎರಡನ್ನೂ ಆನ್ ಮಾಡುತ್ತೇನೆ. ಐಫೋನ್ ಲಾಕ್ ಆಗಿರುವಾಗ ಕಂಟ್ರೋಲ್ ಸೆಂಟರ್ ತೆರೆಯದಂತೆಯೂ ಮಾಡಿಡಬೇಕು. ಇಲ್ಲವಾದರೆ ಕಳ್ಳ ಮೊದಲು ಒತ್ತುವುದೇ ಏರ್‌ಪ್ಲೇನ್ ಮೋಡ್.

ಇವೆಲ್ಲ ಕಾರ್ಖಾನೆಯಿಂದಲೇ ಆನ್ ಆಗಿ ಬರಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಯಾರ ಫೋನಿನಲ್ಲಿ ಲಾಕ್ ಇಲ್ಲ ಎಂಬುದು ಕಳ್ಳನಿಗೆ ಹೊರಗಿನಿಂದ ಗೊತ್ತಾಗುವುದಿಲ್ಲ. ಬಹುತೇಕ ಎಲ್ಲದರಲ್ಲೂ ಇದೆ ಎಂದಾದಾಗಲೇ ಕದಿಯುವ ಆಸೆ ಇಳಿಯುತ್ತದೆ. ಕ್ಯಾಲಿಫೋರ್ನಿಯಾದ 2014ರ ಕಾನೂನು ಇದನ್ನೇ ಹಿಡಿಯಿತು: 2015ರ ಜುಲೈ 1ರ ನಂತರ ತಯಾರಾಗಿ ಅಲ್ಲಿ ಮಾರಾಟವಾಗುವ ಸ್ಮಾರ್ಟ್‌ಫೋನ್, ಮೊದಲ ಸಲ ಸೆಟಪ್ ಮಾಡುವಾಗಲೇ ಈ ಲಾಕನ್ನು ಮುಂದಿಡಬೇಕು. ಆಕ್ಟಿವೇಶನ್ ಲಾಕ್ 2013ರಲ್ಲಿ ಬಂದ ಮುಂದಿನ ಒಂದು ವರ್ಷದಲ್ಲಿ ಐಫೋನ್ ಕಳವು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶೇ. 40, ನ್ಯೂಯಾರ್ಕ್‌ನಲ್ಲಿ ಶೇ. 25 ಇಳಿದಿದೆ ಎಂದು ಅಲ್ಲಿನ ಅಧಿಕಾರಿಗಳು ಪ್ರಕಟಿಸಿದ್ದರು.

ಕಳುವಾದ ಫೋನಿನ ಐಎಂಇಐ ಅನ್ನು ನಿಷೇಧಿತ ಪಟ್ಟಿಗೆ ಸೇರಿಸುವ ಐಎಂಇಐ ಬ್ಲಾಕ್ ಒಂದನ್ನೇ ನಂಬುವುದು ಸಾಲದು. ಅದು ತಡೆಯುವುದು ಮೊಬೈಲ್ ನೆಟ್‌ವರ್ಕ್ ಮಾತ್ರ, ವೈಫೈ ನಡೆಯುತ್ತದೆ. ಆ ಪಟ್ಟಿ ಪಾಲಿಸದ ದೇಶಕ್ಕೆ ಸಾಗಿಸಿದರೆ ಪೂರ್ತಿ ಫೋನೇ ನಡೆಯುತ್ತದೆ. ಉಳಿದದ್ದು ಬಿಡಿಭಾಗಗಳ ವ್ಯಾಪಾರ. ಐಒಎಸ್ 18ರಿಂದ ಆಪಲ್ ಭಾಗಗಳಿಗೂ ಆಕ್ಟಿವೇಶನ್ ಲಾಕ್ ವಿಸ್ತರಿಸಿದೆ.

ಕಳವಾದ ಮೇಲೆ ಬೇರೆ ಸಾಧನದಿಂದ ನಿಮ್ಮ ಗೂಗಲ್ ಅಥವಾ ಆಪಲ್ ಖಾತೆಗೆ ಲಾಗಿನ್ ಆಗಬೇಕು. ಅದಕ್ಕೆ ಬೇಕಾದ ಕೋಡ್ ಕಳುವಾದ ಫೋನಿಗೇ ಹೋದರೆ ಏನು ಮಾಡುವುದು? ಗೂಗಲ್ ಕೊಡುವ ಹತ್ತು ಬ್ಯಾಕಪ್ ಕೋಡ್‌ಗಳನ್ನು ಮೊದಲೇ ಮುದ್ರಿಸಿ ಇಡುವುದು ಇದಕ್ಕೇ. ಮೊದಲು ಆ ಖಾತೆಯಲ್ಲಿ ಫೋನ್ ಕಳೆದುಹೋಗಿದೆ ಎಂದು ಗುರುತು ಹಾಕಿ, ನಂತರ ಸಿಮ್ ನಿಲ್ಲಿಸಿ, ದೂರು ಕೊಡಿ. ಕೆಲವೇ ದಿನಗಳಲ್ಲಿ 'ನಿಮ್ಮ ಫೋನ್ ಸಿಕ್ಕಿದೆ' ಎಂಬ ಲಿಂಕ್ ಬರಬಹುದು. ಅದು ನಿಮ್ಮ ಪಾಸ್‌ವರ್ಡ್ ಕದಿಯುವ ಬಲೆ. ಬೇಡಿದರೂ ಬೆದರಿಸಿದರೂ ಖಾತೆಯಿಂದ ಆ ಸಾಧನವನ್ನು ತೆಗೆದುಹಾಕಬೇಡಿ. ತೆಗೆದ ಗಳಿಗೆಯಲ್ಲೇ ಆಕ್ಟಿವೇಶನ್ ಲಾಕ್ ಬಿಚ್ಚಿಕೊಂಡು ಫೋನ್ ಮಾರಾಟಕ್ಕೆ ಸಿದ್ಧವಾಗುತ್ತದೆ.